ಹರಳೆಣ್ಣೆ ಘಮದ ಹುಲ್ಲುಬಯಲು

ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನಲ್ಲಿ ಓಲ್ಡ್ ವಾರ್ಡನ್ ಎಂಬ ಸಣ್ಣ ಹಳ್ಳಿಯಿದೆ. ಬೇಸಿಗೆಯ ಕೆಲವು ಸಂಜೆ ಅಲ್ಲಿಗೆ ಜನ ಗುಂಪುಗುಂಪಾಗಿ ಬಂದು ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಸ್ಪಿಟ್‌ಫೈರ್, ಹರಿಕೇನ್ ಯುದ್ಧವಿಮಾನಗಳ ಆರ್ಭಟ ನೋಡಿ ಮುಗಿದ ಮೇಲೂ ಮನೆಗೆ ಹೊರಡುವುದಿಲ್ಲ. ಎಲ್ಲರ ಕಣ್ಣೂ ಕಂಬದ ತುದಿಯಲ್ಲಿರುವ ಬಟ್ಟೆಯ ಗಾಳಿಚೀಲದ ಮೇಲೆ. ಅದು ಉಬ್ಬಿ ನಿಂತಿದ್ದರೆ ನಿರಾಸೆ, ಸೋತು ಜೋತುಬಿದ್ದರೆ ಸಂಭ್ರಮ. ಗಾಳಿ ಪೂರ್ತಿ ಅಡಗಿದ್ದು ಖಾತ್ರಿಯಾದ ಮೇಲೆ ಒಂದಷ್ಟು ಮಂದಿ ಸೇರಿ, ಎಳೆಗರುವನ್ನು ನಡೆಸಿಕೊಂಡು ಬರುವಷ್ಟು ಜೋಪಾನವಾಗಿ, ಒಂದು ಯಂತ್ರವನ್ನು ತಳ್ಳಿಕೊಂಡು ಬರುತ್ತಾರೆ. ಮರದ ಪಟ್ಟಿ, ತಂತಿ, ಬಟ್ಟೆ, ಸೈಕಲ್ಲಿನದರಂಥ ಚಕ್ರ. ಇಷ್ಟೇ ಅದರ ಮೈ. ಎದುರಿಗೆ ಮೂರು ಸಿಲಿಂಡರಿನ ಅಂಜಾನಿ ಎಂಜಿನ್. ಶಕ್ತಿ 25 ಅಶ್ವಶಕ್ತಿ ಮಾತ್ರ.

ಅದು 1909ರ ಬ್ಲೇರಿಯೊ. ಅದೇ ವರ್ಷ ಜುಲೈ 25ರಂದು ಲೂಯಿ ಬ್ಲೇರಿಯೊ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ್ದು ಇದೇ ಮಾದರಿಯ ವಿಮಾನದಲ್ಲಿ. ಓಲ್ಡ್ ವಾರ್ಡನ್ನಿನಲ್ಲಿರುವುದು ಆ ಕಾರ್ಖಾನೆಯ ಹದಿನಾಲ್ಕನೆಯ ಯಂತ್ರ. ಇನ್ನೂ ನೆಲ ಬಿಟ್ಟೇಳಬಲ್ಲ ಸ್ಥಿತಿಯಲ್ಲಿರುವ ಜಗತ್ತಿನ ಅತ್ಯಂತ ಹಳೆಯ ವಿಮಾನ ಎಂಬ ಹೆಸರು ಇದರದು. ವಯಸ್ಸು ನೂರು ದಾಟಿರುವುದರಿಂದ ಆಕಾಶದಲ್ಲಿ ಸುತ್ತು ಹಾಕಲು ಅದನ್ನು ಬಿಡುವುದಿಲ್ಲ. ಹುಲ್ಲಿನ ಮೇಲೆ ಓಡುತ್ತದೆ, ಆಳೆತ್ತರಕ್ಕೆ ಏಳುತ್ತದೆ, ನೇರ ಸಾಗಿ ಅದೇ ಹುಲ್ಲಿನ ಮೇಲೆ ಕೂರುತ್ತದೆ. ನೋಡಿದವರಿಗೆ ಅಷ್ಟೇ ಸಾಕು. ಅದಕ್ಕಾಗಿಯೇ ಅವರು ಅಷ್ಟು ಹೊತ್ತು ಕಾದದ್ದು.

ಇಂಥ ಹಳೆಯ ಯಂತ್ರವನ್ನು ಒಂದು ದೊಡ್ಡ ವಿಮಾನ ನಿಲ್ದಾಣದ ಡಾಂಬರು ಹಾದಿಯ ಮೇಲೆ ತಂದು ನಿಲ್ಲಿಸಿದರೆ ಪೈಲಟ್ ಅದನ್ನು ಏರಲು ಹಿಂದೆಮುಂದೆ ನೋಡುತ್ತಾನೆ. ಕಾರಣ ಸರಳ. ಆ ಕಾಲದ ವಿಮಾನಗಳಿಗೆ ಬ್ರೇಕ್ ಇರಲಿಲ್ಲ. ಅನೇಕ ವಿಮಾನಗಳ ಬಾಲದ ಕೆಳಗೆ ಚಕ್ರದ ಬದಲು ಒಂದು ಗಟ್ಟಿ ಕೋಲು ಇರುತ್ತಿತ್ತು. ಇಳಿದಾಗ ಅದು ನೇಗಿಲ ಕುಳದಂತೆ ನೆಲವನ್ನು ಕೆರೆಯುತ್ತ ವೇಗವನ್ನು ತಗ್ಗಿಸುತ್ತಿತ್ತು, ವಿಮಾನದ ಮೂತಿ ಆಚೀಚೆ ತಿರುಗದಂತೆ ಹಿಡಿದಿಡುತ್ತಿತ್ತು. ಹುಲ್ಲು ಮತ್ತು ಅದರಡಿಯ ಮಣ್ಣು ಇದ್ದರೆ ಮಾತ್ರ ಆ ಕೋಲಿಗೆ ಕೆಲಸ. ಡಾಂಬರಿನ ಮೇಲೆ ಅದು ಕಿರುಚುತ್ತ ಜಾರುತ್ತದೆ, ಸವೆದುಹೋಗುತ್ತದೆ, ಹಿಡಿತ ಮಾತ್ರ ಸಿಗುವುದಿಲ್ಲ. ಹುಲ್ಲುಬಯಲನ್ನು ಬಡವರ ರನ್‌ವೇ ಎಂದು ತಿಳಿಯುವವರಿದ್ದಾರೆ. ಈ ವಿಮಾನಗಳ ಮಟ್ಟಿಗೆ ಅದು ರನ್‌ವೇಯೂ ಹೌದು, ಬ್ರೇಕೂ ಹೌದು.

ಗಾಳಿಯ ಲೆಕ್ಕವೂ ಇದರ ಜೊತೆಗೇ ಬರುತ್ತದೆ. ಹಗುರವಾದ ವಿಮಾನಕ್ಕೆ ಅಡ್ಡಗಾಳಿ ಶತ್ರು. ಆದ್ದರಿಂದ ಮೊದಲ ಕಾಲದ ವಿಮಾನ ನಿಲ್ದಾಣಗಳಲ್ಲಿ ಇಂದಿನಂತೆ ಉದ್ದನೆಯ ಪಟ್ಟಿ ಇರಲಿಲ್ಲ, ನಾಲ್ಕೂ ಕಡೆ ತೆರೆದ ಅಗಲವಾದ ಮೈದಾನ ಇರುತ್ತಿತ್ತು. ಗಾಳಿ ಎತ್ತ ಬೀಸಿದರೂ ಪೈಲಟ್ ಅದಕ್ಕೆ ಮುಖ ಮಾಡಿ ಏರುತ್ತಿದ್ದ, ಮುಖ ಮಾಡಿಯೇ ಇಳಿಯುತ್ತಿದ್ದ. ಸಿಮೆಂಟಿನ ಉದ್ದ ಹಾದಿಗಳು ಎಲ್ಲೆಡೆ ಬಂದದ್ದು ಎರಡನೇ ಮಹಾಯುದ್ಧದ ಭಾರಿ ಬಾಂಬರ್‌ಗಳ ಭಾರ ಹೊರಲು. ಅದಕ್ಕೂ ಮುಂಚೆ ಜಗತ್ತಿನ ದೊಡ್ಡ ನಿಲ್ದಾಣಗಳಲ್ಲೂ ಅನೇಕವು ಹುಲ್ಲಿನವೇ. ಲಂಡನ್ನಿನ ಹಳೆಯ ಮುಖ್ಯ ನಿಲ್ದಾಣ ಕ್ರಾಯ್ಡನ್ 1959ರಲ್ಲಿ ಬಾಗಿಲು ಹಾಕುವವರೆಗೂ ಹುಲ್ಲುಬಯಲಾಗಿಯೇ ಇತ್ತು. ಇಂದಿನ ಹೀಥ್ರೂ ಇರುವ ಜಾಗದಲ್ಲಿ 1930ರಲ್ಲಿ ಫೇರಿ ಕಂಪನಿ ತೆರೆದದ್ದೂ ಒಂದು ಹುಲ್ಲುಬಯಲನ್ನೇ.

ಅವೆಲ್ಲ ಹೋದವು. ಓಲ್ಡ್ ವಾರ್ಡನ್ ಉಳಿಯಿತು. ಅದಕ್ಕೆ ಕಾರಣ ಒಂದು ಮನೆತನ, ಅದರಲ್ಲೂ ಒಬ್ಬ ತಾಯಿ.

ಶಟಲ್‌ವರ್ತ್ ಮನೆತನದ ಹಣ ಬಂದದ್ದು ಒಕ್ಕಲುತನದ ಯಂತ್ರಗಳಿಂದ. ಲಿಂಕನ್ ಪಟ್ಟಣದ ಕ್ಲೇಟನ್ ಅಂಡ್ ಶಟಲ್‌ವರ್ತ್ ಕಂಪನಿ ಉಗಿ ಎಂಜಿನ್‌ಗಳನ್ನೂ ತೆನೆ ಒಕ್ಕುವ ಯಂತ್ರಗಳನ್ನೂ ಮಾಡಿ ಮಾರುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಅದೇ ಕಾರ್ಖಾನೆ ಸಾಪ್‌ವಿತ್ ಕ್ಯಾಮೆಲ್ ಯುದ್ಧವಿಮಾನಗಳನ್ನು ತಯಾರಿಸಿತು. ಜೋಸೆಫ್ ಶಟಲ್‌ವರ್ತ್ 1872ರಲ್ಲಿ ಓಲ್ಡ್ ವಾರ್ಡನ್ ಜಮೀನನ್ನು ಕೊಂಡ. ಆ ಮನೆತನದಲ್ಲಿ 1909ರಲ್ಲಿ, ಅಂದರೆ ಬ್ಲೇರಿಯೊ ಕಡಲು ದಾಟಿದ ವರ್ಷವೇ, ಹುಟ್ಟಿದವನು ರಿಚರ್ಡ್ ಆರ್ಮಂಡ್ ಶಟಲ್‌ವರ್ತ್.

ರಿಚರ್ಡ್‌ಗೆ ಓಡುವ, ಹಾರುವ ಎಲ್ಲದರ ಮೇಲೂ ಪ್ರೀತಿ. 1935ರ ಮೊದಲ ಡಾನಿಂಗ್ಟನ್ ಗ್ರ್ಯಾನ್ ಪ್ರಿ ಕಾರು ಪಂದ್ಯವನ್ನು ಆಲ್ಫಾ ರೋಮಿಯೊ ಕಾರಿನಲ್ಲಿ ಗೆದ್ದ. ಮರುವರ್ಷ ದಕ್ಷಿಣ ಆಫ್ರಿಕದ ಪಂದ್ಯದಲ್ಲಿ ಕಾರು ಮಗುಚಿ ಸಾವಿನ ಬಾಗಿಲು ತಟ್ಟಿ ಬಂದ. ಅದಕ್ಕೂ ಮುಂಚೆ, 1932ರಲ್ಲಿ, ಒಂದು ಡಿ ಹ್ಯಾವಿಲೆಂಡ್ ಮಾತ್ ವಿಮಾನವನ್ನು ಕೊಂಡು ಮನೆಯ ಜಮೀನಿನಲ್ಲೇ ಇಳಿಸತೊಡಗಿದ್ದ. ಅದೇ ಈ ಬಯಲಿನ ಆರಂಭ. 1933ರಲ್ಲಿ ಕಾಂಪರ್ ಸ್ವಿಫ್ಟ್ ಎಂಬ ಒಂಟಿ ಸೀಟಿನ ಪುಟ್ಟ ವಿಮಾನದಲ್ಲಿ ಭಾರತಕ್ಕೂ ಬಂದ. ದೆಹಲಿಯಲ್ಲಿ ನಡೆದ ವೈಸ್‌ರಾಯ್ ಕಪ್ ವಿಮಾನ ಪಂದ್ಯದಲ್ಲಿ ಭಾಗವಹಿಸುವುದು ಉದ್ದೇಶ. ಅದೇ ಪಂದ್ಯದಲ್ಲಿ ಭಾರತದ ಚಹಾ ತೋಟದವರಾದ ಆಲ್ಬನ್ ಅಲಿ ಅವರ ಕೆಂಪು ಬಣ್ಣದ ಕಾಂಪರ್ ಸ್ವಿಫ್ಟ್ ಕೂಡ ಇತ್ತು. ಅದರ ಮೈಮೇಲಿದ್ದದ್ದು ವಿಟಿ-ಎಡಿಒ ಎಂಬ ಭಾರತದ ನೋಂದಣಿ, ಹೆಸರು ಸ್ಕಾರ್ಲೆಟ್ ಏಂಜೆಲ್. ಕಾಲಾಂತರದಲ್ಲಿ ಆ ಕೆಂಪು ವಿಮಾನವೂ ಓಲ್ಡ್ ವಾರ್ಡನ್ ಸೇರಿತು. ದೆಹಲಿಯ ಬಿಸಿಲಿನಲ್ಲಿ ಹಾರಿದ ಆ ಯಂತ್ರ ಇಂದಿಗೂ ಅಲ್ಲಿನ ಹ್ಯಾಂಗರಿನಲ್ಲಿದೆ.

ರಿಚರ್ಡ್ ಹೊಸ ವಿಮಾನಗಳಿಗಿಂತ ಹೆಚ್ಚಾಗಿ, ಯಾರಿಗೂ ಬೇಡವಾದ ಹಳೆಯವನ್ನು ಹುಡುಕಿ ತಂದ. ಬ್ಲೇರಿಯೊ ಸಿಕ್ಕಿದ್ದು 1935ರಲ್ಲಿ. 1912ರ ಬ್ಲ್ಯಾಕ್‌ಬರ್ನ್ ಎಂಬ ಒಂದೇ ಜೊತೆ ರೆಕ್ಕೆಯ ವಿಮಾನ ಬಿಡಿಬಿಡಿಯಾಗಿ ಸಿಕ್ಕಿತು. ಅದನ್ನು ಜೋಡಿಸಿ ಹಾರಿಸುವ ಹೊತ್ತಿಗೆ ರಿಚರ್ಡ್ ಇರಲಿಲ್ಲ. ಯುದ್ಧ ಬಂದು ವಾಯುಪಡೆಗೆ ಸೇರಿದ್ದವನು 1940ರ ಆಗಸ್ಟ್ 2ರ ರಾತ್ರಿ, ತರಬೇತಿ ಹಾರಾಟದಲ್ಲಿ, ಫೇರಿ ಬ್ಯಾಟಲ್ ವಿಮಾನ ಬಿದ್ದು ತೀರಿಕೊಂಡ. ವಯಸ್ಸು 31.

ಮಗನಿಲ್ಲದ ಮನೆಯಲ್ಲಿ ತಾಯಿ ಡೊರೊಥಿ ಉಳಿದರು. ಆಕೆ ವಿಮಾನಗಳನ್ನು ಮಾರಲಿಲ್ಲ, ಬಯಲನ್ನು ಉಳುಮೆಗೆ ಬಿಡಲಿಲ್ಲ. 1944ರಲ್ಲಿ ಮಗನ ಹೆಸರಿನಲ್ಲಿ ದತ್ತಿ ಸಂಸ್ಥೆಯೊಂದನ್ನು ಕಟ್ಟಿ, ಕೃಷಿ ಮತ್ತು ವಿಮಾನಯಾನ ಎರಡರ ಕಲಿಕೆಗೂ ಆಸ್ತಿಯನ್ನು ಮುಡಿಪಾಗಿಟ್ಟರು. ಯುದ್ಧದ ನಂತರ ಆ ಬಂಗಲೆಯಲ್ಲಿ ಕೃಷಿ ಕಾಲೇಜು ಶುರುವಾಯಿತು. ಪಕ್ಕದ ಹ್ಯಾಂಗರ್‌ಗಳಲ್ಲಿ ಹಳೆಯ ವಿಮಾನಗಳ ದುರಸ್ತಿ ನಡೆಯಿತು. ಬ್ಲ್ಯಾಕ್‌ಬರ್ನ್ 1949ರಲ್ಲಿ ಮತ್ತೆ ಗಾಳಿಗೇರಿತು. 1963ರಲ್ಲಿ ಸಂಗ್ರಹವನ್ನು ಸಾರ್ವಜನಿಕರಿಗೆ ತೆರೆದರು. ಪುತ್ರಶೋಕಕ್ಕೆ ಸ್ಮಾರಕ ಕಟ್ಟಿಸಿದವರು ಬಹಳ ಮಂದಿ. ಸ್ಮಾರಕದ ಜೊತೆಗೆ ಅದು ಉಸಿರಾಡಲು ಬೇಕಾದ ಬಯಲನ್ನೂ ಬಿಟ್ಟುಹೋದವರು ಅಪರೂಪ.

ಸಂಗ್ರಹ ಬೆಳೆಯುತ್ತ ಹೋಯಿತು. 1938ರಲ್ಲಿ ಅಫ್ಘಾನಿಸ್ತಾನದ ವಾಯುಪಡೆಗೆ ಹೋಗಿದ್ದ ಹಾಕರ್ ಹೈಂಡ್ ಒಂದು 1970ರಲ್ಲಿ ಕಾಬೂಲಿನಿಂದ ಲಾರಿಯ ಮೇಲೆ, ಸಾವಿರಾರು ಕಿಲೋಮೀಟರ್ ರಸ್ತೆಯಲ್ಲಿ, ಇಲ್ಲಿಗೆ ಬಂದಿತು. ಇನ್ನೊಂದು ಕೆಂಪು ಚೆಲುವೆ ಡಿ ಹ್ಯಾವಿಲೆಂಡ್ ಕಾಮೆಟ್, ಗ್ರೋವ್‌ನರ್ ಹೌಸ್ ಎಂಬ ಹೆಸರಿನದು. 1934ರ ಅಕ್ಟೋಬರ್ 20ರಂದು ಇಂಗ್ಲೆಂಡಿನ ಮಿಲ್ಡನ್‌ಹಾಲ್‌ನಿಂದ ಹೊರಟು, ಮೆಲ್ಬರ್ನ್‌ವರೆಗಿನ ಪಂದ್ಯವನ್ನು ಸುಮಾರು 71 ಗಂಟೆಯಲ್ಲಿ ಮುಗಿಸಿ ಗೆದ್ದ ವಿಮಾನ ಅದು. ಆ ದಾರಿಯಲ್ಲಿ ಎಲ್ಲರೂ ಇಳಿಯಲೇಬೇಕಿದ್ದ ತಾಣಗಳಲ್ಲಿ ನಮ್ಮ ಅಲಹಾಬಾದ್ ಕೂಡ ಒಂದಾಗಿತ್ತು.

ಈ ಬಯಲಿಗೆ ಕಾಲಿಟ್ಟ ಕನ್ನಡಿಗರ ಮೂಗಿಗೆ ಮೊದಲು ಗುರುತು ಸಿಗುವುದು ಒಂದು ವಾಸನೆ. ಹರಳೆಣ್ಣೆ! ಅಜ್ಜಿಯಂದಿರು ನೆತ್ತಿಗೆ ತಟ್ಟುತ್ತಿದ್ದ, ಹೊಟ್ಟೆ ಶುದ್ಧಿಗೆ ಕುಡಿಸುತ್ತಿದ್ದ ಅದೇ ಎಣ್ಣೆ. ಮೊದಲ ಮಹಾಯುದ್ಧದ ಕಾಲದ ಅನೇಕ ವಿಮಾನಗಳಲ್ಲಿ ರೋಟರಿ ಎಂಜಿನ್ ಇರುತ್ತಿತ್ತು. ಅದರಲ್ಲಿ ನಡುವಿನ ದಂಡ ವಿಮಾನದ ಮೈಗೆ ಬಿಗಿದಿರುತ್ತದೆ, ಸಿಲಿಂಡರುಗಳೆಲ್ಲ ಪ್ರೊಪೆಲ್ಲರಿನ ಜೊತೆಗೇ ಗಿರಗಿರನೆ ಸುತ್ತುತ್ತವೆ. ಹಾಗೆ ಸುತ್ತುವಾಗ ಗಾಳಿ ತಾಗಿ ತಾವೇ ತಣ್ಣಗಾಗುತ್ತವೆ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಎಂಜಿನ್ನಿನ ಹೊಟ್ಟೆಯೊಳಗಿಂದಲೇ ಹಾದು ಹೋಗುವುದರಿಂದ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಎಣ್ಣೆಯೇ ಬೇಕಿತ್ತು. ಖನಿಜ ಎಣ್ಣೆ ಕರಗಿ ತೆಳ್ಳಗಾಗುತ್ತಿತ್ತು, ಹರಳೆಣ್ಣೆ ನಿಲ್ಲುತ್ತಿತ್ತು. ಒಮ್ಮೆ ಒಳಗೆ ಹೋದ ಎಣ್ಣೆ ಮತ್ತೆ ತೊಟ್ಟಿಗೆ ಮರಳುವುದಿಲ್ಲ, ಹೊಗೆಯ ಜೊತೆ ಹೊರಕ್ಕೆ ಚಿಮ್ಮಿ ರೆಕ್ಕೆಗೂ ಪೈಲಟ್ಟಿನ ಮುಖಕ್ಕೂ ಮೆತ್ತುತ್ತದೆ. ಯುದ್ಧಕಾಲದಲ್ಲಿ ಈ ಎಣ್ಣೆಗೆ ಎಷ್ಟು ಬೇಡಿಕೆ ಇತ್ತೆಂದರೆ, ಅಮೆರಿಕ ಸರ್ಕಾರ ಭಾರತದಿಂದ ಹರಳು ಬೀಜ ತರಿಸಿ ತನ್ನ ದಕ್ಷಿಣ ರಾಜ್ಯಗಳ ರೈತರಿಂದ ಬೆಳೆಸಿತು. ಆಕಾಶಯುದ್ಧದ ಇತಿಹಾಸದಲ್ಲಿ ನಮ್ಮ ಒಣಭೂಮಿಯ ಈ ಬೆಳೆಗೆ ಒಂದು ಪಾಲಿದೆ ಎಂಬುದನ್ನು ಹೆಚ್ಚು ಜನ ಬಲ್ಲರೆ?

ಈ ಎಂಜಿನ್‌ಗಳನ್ನು ಕಾರಿನಂತೆ ನಿಧಾನ ಮಾಡಲು ಬರುವುದಿಲ್ಲ. ಇಳಿಯುವಾಗ ಪೈಲಟ್ ಒಂದು ಗುಂಡಿ ಒತ್ತಿ ಕಿಡಿಯನ್ನು ಕ್ಷಣಕ್ಷಣ ತಡೆಯುತ್ತಾನೆ. ಬಿಟ್ಟು ಬಿಟ್ಟು ಗೊರಗುಟ್ಟುವ ಆ ಸದ್ದು ಕೇಳಿದರೆ, ನೋಡದೆಯೇ ಹಳೆಯ ವಿಮಾನವೊಂದು ಇಳಿಯುತ್ತಿದೆ ಎಂದು ಬಲ್ಲವರು ಹೇಳಿಬಿಡುತ್ತಾರೆ.

ಇನ್ನು ಬಯಲಿನ ಸೌಕರ್ಯಗಳ ಮಾತು. ಓಲ್ಡ್ ವಾರ್ಡನ್ ಖಾಸಗಿ ನಿಲ್ದಾಣ. ಹೊರಗಿನ ಪೈಲಟ್ ಅಲ್ಲಿ ಇಳಿಯಬೇಕಾದರೆ ಮುಂಚೆಯೇ ಅನುಮತಿ ಕೇಳಬೇಕು. ಹಳೆಯ ವಿಮಾನಗಳು ಹಾರುವ ಹೊತ್ತಿನಲ್ಲಿ ಬೇರೆಯವರಿಗೆ ಪ್ರವೇಶವಿಲ್ಲ. ಹ್ಯಾಂಗರ್‌ಗಳು, ಅವುಗಳಿಗೆ ಹೊಂದಿಕೊಂಡ ವರ್ಕ್‌ಶಾಪ್, ಒಂದು ಸಣ್ಣ ಗೋಪುರ, ಗಾಳಿಚೀಲ, ತಿಂಡಿ ಸಿಗುವ ಜಾಗ. ಬೆಂಗಳೂರಿನ ವಿಮಾನ ನಿಲ್ದಾಣ ಕಂಡವರಿಗೆ ಇದು ಬಸ್ ಡಿಪೊಗಿಂತ ಚಿಕ್ಕದು ಅನ್ನಿಸಬಹುದು. ವರ್ಕ್‌ಶಾಪಿನಲ್ಲಿ ನಿಂತು ನೋಡಿದರೆ ಮಾತ್ರ ಅದರ ಸಂಪತ್ತು ತಿಳಿಯುತ್ತದೆ. ಬಡಗಿ ಕೆಲಸ, ಹೊಲಿಗೆ, ತಂತಿ ಹೆಣೆಯುವುದು, ಬಟ್ಟೆಗೆ ಬಣ್ಣ ಹಚ್ಚಿ ಬಿಗಿ ಮಾಡುವುದು, ಲೋಹ ಕಡೆಯುವುದು, ಇವೆಲ್ಲ ಒಂದೇ ಸೂರಿನಡಿ. ಸಂಬಳದ ಎಂಜಿನಿಯರುಗಳ ಜೊತೆ ಸ್ವಯಂಸೇವಕರು ದುಡಿಯುತ್ತಾರೆ.

ಬ್ರಿಟನ್ನಿನಲ್ಲಿ ಇಂಥ ಹುಲ್ಲುಪಟ್ಟಿಗಳು ಹೊಲಗಳ ನಡುವೆ ಬಹಳ ಇವೆ. ಕಾನೂನೂ ಅದಕ್ಕೆ ಅನುಕೂಲಕರ. ಮಾಲೀಕ ಒಪ್ಪಿದರೆ ಒಂದು ಹೊಲವನ್ನು ವರ್ಷಕ್ಕೆ 28 ದಿನ ವಿಶೇಷ ಅನುಮತಿಯಿಲ್ಲದೆ ತಾತ್ಕಾಲಿಕ ಬಳಕೆಗೆ ಕೊಡಬಹುದು. ರೈತನೊಬ್ಬ ಸುಗ್ಗಿ ಮುಗಿದ ಮೇಲೆ ತನ್ನ ಸಣ್ಣ ವಿಮಾನವನ್ನು ಅಲ್ಲೇ ಏರಿಸಿ ಇಳಿಸುವುದು ಅಲ್ಲಿ ಅಚ್ಚರಿಯ ಸಂಗತಿಯಲ್ಲ. ನಮ್ಮಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಕೊಡುವ ನಿಲ್ದಾಣ ಪರವಾನಗಿಯಲ್ಲಿ ಸಾರ್ವಜನಿಕ ಬಳಕೆ, ಖಾಸಗಿ ಬಳಕೆ ಎಂಬ ಎರಡು ವಿಧಗಳಿವೆ. ಆದರೆ ಹವ್ಯಾಸಿಗಳ ಹುಲ್ಲುಪಟ್ಟಿಯ ಸಂಸ್ಕೃತಿ ಬೆಳೆಯಲೇ ಇಲ್ಲ.

ಹುಲ್ಲು ಇದ್ದಮಾತ್ರಕ್ಕೆ ರನ್‌ವೇ ಆಗುವುದಿಲ್ಲ. ಅದನ್ನು ಗದ್ದೆಯಷ್ಟೇ ಕಾಳಜಿಯಿಂದ ನೋಡಿಕೊಳ್ಳಬೇಕು. ಹುಲ್ಲು ಎತ್ತರವಾದರೆ ಚಕ್ರವನ್ನು ಹಿಡಿದೆಳೆಯುತ್ತದೆ. ಬುಡದವರೆಗೆ ಕತ್ತರಿಸಿದರೆ ಬೇರು ಸೊರಗಿ ಮಣ್ಣು ಸಡಿಲವಾಗುತ್ತದೆ. ಮಳೆನೀರು ಬಸಿದು ಹೋಗದಿದ್ದರೆ ಚಕ್ರ ಹೂತುಹೋಗಿ ವಿಮಾನ ಮುಗ್ಗರಿಸುತ್ತದೆ. ಮೊಲದ ಬಿಲ, ನೆಲ ಅಗೆಯುವ ಹೆಗ್ಗಣದಂಥ ಮೋಲ್ ಎಂಬ ಪ್ರಾಣಿ ಎಬ್ಬಿಸಿದ ಮಣ್ಣುಗುಡ್ಡೆ, ಹಿಂದಿನ ವಾರ ಟ್ರಾಕ್ಟರ್ ಬಿಟ್ಟುಹೋದ ಗಾಲಿಗುರುತು, ಇವನ್ನೆಲ್ಲ ಯಾರಾದರೂ ನಡೆದು ನೋಡಿ ಮುಚ್ಚಬೇಕು, ರೋಲರ್ ಎಳೆಯಬೇಕು. ಬಯಲು ಸಮವಾಗಿದೆಯೇ ಎಂದು ಕಾರು ಓಡಿಸಿ ನೋಡುವುದು ಹಳೆಯ ಪರೀಕ್ಷೆ.

ಪೈಲಟ್ಟಿನ ಲೆಕ್ಕವಂತೂ ಇನ್ನೂ ಬಿಗಿ. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಸಣ್ಣ ವಿಮಾನಗಳವರಿಗೆ ಕೊಟ್ಟಿರುವ ಗುಣಕಗಳನ್ನೇ ನೋಡಬಹುದು. ಒಣಹುಲ್ಲಿನ ಮೇಲೆ ಏರಲು ಬೇಕಾದ ದೂರವನ್ನು 1.2ರಿಂದ ಗುಣಿಸಬೇಕು, ಒದ್ದೆ ಹುಲ್ಲಾದರೆ 1.3ರಿಂದ. ನೆಲ ಮೆತ್ತಗಿದ್ದರೆ ಮತ್ತೆ 1.25 ಅಥವಾ ಹೆಚ್ಚು. ಸಮುದ್ರಮಟ್ಟದಿಂದ ಪ್ರತಿ 1,000 ಅಡಿ ಎತ್ತರಕ್ಕೆ 1.1. ತಾಪಮಾನ ಪ್ರತಿ 10 ಡಿಗ್ರಿ ಏರಿದಾಗಲೂ 1.1. ಇವನ್ನು ಕೂಡುವುದಲ್ಲ, ಒಂದರ ಮೇಲೊಂದು ಗುಣಿಸುವುದು. ಕೊನೆಗೆ ಸುರಕ್ಷತೆಗೆಂದು ಒಟ್ಟನ್ನು 1.33ರಿಂದ ಗುಣಿಸಿಕೊಳ್ಳುವಂತೆ ಸಲಹೆಯಿದೆ.

ಕಡಲ ಮಟ್ಟದ ಗಟ್ಟಿ ರನ್‌ವೇಯಲ್ಲಿ 300 ಮೀಟರ್ ಸಾಕಾಗುವ ವಿಮಾನವನ್ನು ಬೆಂಗಳೂರಿನ ಎತ್ತರದ ಹುಲ್ಲುಬಯಲಿಗೆ ತಂದರೆ ಏನಾಗುತ್ತದೆ? ಒಣಹುಲ್ಲಿಗೆ 360 ಮೀಟರ್. ಸುಮಾರು 3,000 ಅಡಿ ಎತ್ತರ ಸೇರಿದರೆ 479. ಆ ಎತ್ತರಕ್ಕೆ ಸಹಜವೆಂದು ಲೆಕ್ಕ ಹಾಕುವ 9 ಡಿಗ್ರಿಯ ಬದಲು 29 ಡಿಗ್ರಿ ಬಿಸಿಲಿದ್ದರೆ 580. ಸುರಕ್ಷತೆಯ ಅಂತರ ಸೇರಿಸಿದರೆ 771 ಮೀಟರ್. ಇದು ಗಾಳಿಯಿಲ್ಲದ, ಏರುತಗ್ಗಿಲ್ಲದ ಬಯಲಿನ ಲೆಕ್ಕ. ಅದೇ ಹುಲ್ಲು, ಅದೇ ಎಂಜಿನ್. ಬೇಕಾದ ಜಾಗ ಎರಡೂವರೆ ಪಟ್ಟು!

ನಮ್ಮ ನಾಡಿನಲ್ಲೂ ವಿಮಾನಯಾನ ಶುರುವಾದದ್ದು ಬರಿ ನೆಲದ ಮೇಲೆಯೇ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪುಸ್ ಮಾತ್ ವಿಮಾನದಲ್ಲಿ ಅಂಚೆ ಹೊತ್ತು ಮುಂಬೈಯ ಜುಹುವಿಗೆ ಬಂದರು. ದಾರಿಯಲ್ಲಿ ಅಹಮದಾಬಾದಿನಲ್ಲಿ ಇಂಧನ ತುಂಬಿಸಿಕೊಂಡರು. ಪೆಟ್ರೋಲಿನ ಡಬ್ಬಗಳು ಬಂದದ್ದು ಎತ್ತಿನಗಾಡಿಯಲ್ಲಿ. ಜುಹುವಿನಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಅಂಚೆಯನ್ನು ಹೊತ್ತು ಬಳ್ಳಾರಿಯ ಮೂಲಕ ಮದ್ರಾಸಿಗೆ ಹಾರಿದರು. ಭಾರತದ ಮೊದಲ ನಿಯಮಿತ ಅಂಚೆ ವಿಮಾನದ ದಾರಿಯಲ್ಲಿ ಬಳ್ಳಾರಿ ಒಂದು ತಂಗುದಾಣ ಎಂಬುದು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ಮಳೆಗಾಲ ಬಂದೊಡನೆ ಜುಹುವಿನ ಮಣ್ಣುನೆಲ ನೀರು ನಿಂತು ಕೆಸರಾಗುತ್ತಿತ್ತು. ಆಗ ಇಡೀ ಸೇವೆಯನ್ನೇ ಪುಣೆಗೆ ಸಾಗಿಸುತ್ತಿದ್ದರು. ವೇಳಾಪಟ್ಟಿಯನ್ನು ಬರೆಯುತ್ತಿದ್ದದ್ದು ನೆಲದ ತೇವ.

ಬೆಂಗಳೂರಿಗೆ ಬಂದರೆ ಜಕ್ಕೂರು. ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ ಸ್ವಾತಂತ್ರ್ಯ ಬಂದ ಹೊಸದರಲ್ಲಿ ತೆರೆದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಅಲ್ಲಿದೆ. 1949ರಲ್ಲಿ ಅಲ್ಲಿ ಕಲಿತು ಹೊರಬಂದ ಉಷಾ ಸುಂದರಂ, ಎರಡು ವರ್ಷದ ನಂತರ ಪತಿ ವಿ. ಸುಂದರಂ ಅವರ ಜೊತೆ ಡಿ ಹ್ಯಾವಿಲೆಂಡ್ ಡವ್ ವಿಮಾನವನ್ನು ಲಂಡನ್ನಿನಿಂದ ಮುಂಬೈಗೆ 27 ಗಂಟೆಯಲ್ಲಿ ಹಾರಿಸಿ ತಂದರು. ಜಕ್ಕೂರಿನ ಹಾದಿ ಇಂದು ಹುಲ್ಲಿನದಲ್ಲ, ಸುತ್ತಲೂ ನಗರ ಒತ್ತಿ ಬಂದಿದೆ. ಆದರೂ ಸಣ್ಣ ವಿಮಾನವೊಂದು ಏರಿಳಿಯಬಲ್ಲ ತೆರೆದ ನೆಲ ಊರೊಳಗೆ ಇನ್ನೂ ಉಳಿದಿದೆ. ಅಂಥ ನೆಲಕ್ಕೆ ನಿವೇಶನದ ದರ ಕಟ್ಟುವುದನ್ನು ಬಿಟ್ಟು ಅದನ್ನು ಹಾಗೆಯೇ ಕಾಯುವುದು ಸರ್ಕಾರದ ಹೊಣೆ, ಊರಿನವರ ಹೊಣೆ. ಒಮ್ಮೆ ಕಟ್ಟಡ ಎದ್ದ ಬಯಲು ಮತ್ತೆ ಬಯಲಾದ ಉದಾಹರಣೆ ಇಲ್ಲವೆನ್ನುವಷ್ಟು ಕಡಿಮೆ.

ರಿಚರ್ಡ್ 1932ರಲ್ಲಿ ಕೊಂಡ ಆ ಮೊದಲ ಮಾತ್ ವಿಮಾನ, ಜಿ-ಇಬಿಡಬ್ಲ್ಯುಡಿ, ಇಂದಿಗೂ ಓಲ್ಡ್ ವಾರ್ಡನ್ನಿನಲ್ಲೇ ಇದೆ. ಒಂದೇ ನೆಲೆಯಲ್ಲಿ ಅಷ್ಟು ದೀರ್ಘಕಾಲ ಉಳಿದ ವಿಮಾನ ಜಗತ್ತಿನಲ್ಲಿ ಬೇರೊಂದಿಲ್ಲ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ನೆಲೆಸಿರುವ, ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವ ಕನ್ನಡಿಗರು ಒಂದು ದಿನವನ್ನು ಇದಕ್ಕಾಗಿ ತೆಗೆದಿಡಬಹುದು. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ರೈಲಿನಲ್ಲಿ ಬಿಗಲ್ಸ್‌ವೇಡ್ ನಿಲ್ದಾಣದಲ್ಲಿ ಇಳಿದರೆ ಬಯಲು ಕೆಲವೇ ಮೈಲಿ. ಹಾರಾಟದ ಪ್ರದರ್ಶನಗಳು ಬೇಸಿಗೆಯ ತಿಂಗಳುಗಳಲ್ಲಿ ನಡೆಯುತ್ತವೆ. ಸಂಜೆಯ ಪ್ರದರ್ಶನವನ್ನೇ ಆರಿಸಿಕೊಳ್ಳಿ, ಬೆಚ್ಚನೆಯ ಶಾಲು ಒಯ್ಯಿರಿ, ಕೊನೆಯವರೆಗೂ ಕೂತಿರಿ. ಬ್ಲೇರಿಯೊ ಹೊರಬರುವುದು ಗಾಳಿ ನಿಂತ ಮೇಲೆಯೇ.